ತಿದಿ ಅಕ್ಕನದು, ಬೆರಳು ನನ್ನದು

ಹಾರ್ಮೋನಿಯಂ ಅನ್ನುವ ಹೆಸರು ನಮ್ಮ ಕಡೆ ಯಾರ ಬಾಯಿಗೂ ಬರುತ್ತಿರಲಿಲ್ಲ. ಪೆಟ್ಟಿಗೆ ಅಂತಿದ್ದರು. ಅದನ್ನು ಬಾರಿಸುವವರು ಪೆಟ್ಟಿಗೆ ಮೇಷ್ಟ್ರು. ಊರೂರಿನ ಗಂಡಸರಿಗೆ ಪೌರಾಣಿಕ ನಾಟಕ ಕಲಿಸಿ ಕಲಿಸಿ ಗಂಟಲು ಕೆಡಿಸಿಕೊಂಡಿದ್ದ ಅಂಥ ಮೇಷ್ಟ್ರೊಬ್ಬರು, ತೊಂಬತ್ತರ ದಶಕದ ಶುರುವಿನಲ್ಲಿ, ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಶಿಬಿರ ಮಾಡುತ್ತಿದ್ದರು. ಶಿಬಿರ ಅಂದರೆ ಹಾಡಿ ಕುಣಿದು ಬರುವುದಲ್ಲ. ಬಿಸಿಲೇರುವ ಮುಂಚೆ ಕೂತರೆ ಊಟಕ್ಕೆ ಏಳಬೇಕು, ಉಂಡು ಬಂದು ಕೂತರೆ ದನ ಮನೆಗೆ ಬರುವ ಹೊತ್ತಿಗೆ ಏಳಬೇಕು. ರಜೆ ಮುಗಿಯುವುದರೊಳಗೆ ವರ್ಷದ ಪಾಠವನ್ನೆಲ್ಲ ನಮ್ಮ ತಲೆಗೆ ತುರುಕಬೇಕೆಂಬ ಹಟ ಅವರಿಗೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೊದಲ ದಿನವೇ ಆ ಪೆಟ್ಟಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತ್ತು.

ಸೇರಿಸಿದ್ದು ಅಪ್ಪ. ಗದ್ದೆ ಕೆಲಸ ಬಿಟ್ಟರೆ ನಾಟಕದ್ದೇ ಧ್ಯಾನ ಅವನಿಗೆ. "ನನ್ ಮಗಳ್ ಬೆರಳು ನೋಡ್ಲಾ, ಪೆಟ್ಟಿಗೆಗೆ ಅಂತ್ಲೇ ಉಟ್ಟವೆ" ಎಂದು ಅರಕೆರೆಯಲ್ಲಿ ಬಸ್ಸಿಗೆ ಕಾಯುವ ಕಂಡಕಂಡವರಿಗೆಲ್ಲ ನನ್ನ ಕೈ ಹಿಡಿದು ತೋರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಇನ್ನೇನು.

ಆ ವರ್ಷದ ಶಿಬಿರ ಶ್ರೀರಂಗಪಟ್ಟಣದಲ್ಲಿ, ಕೋಟೆಯೊಳಗಿನ ಒಂದು ಶಾಲೆಯಲ್ಲಿ. ನಾನಿನ್ನೂ ನಾಲ್ಕನೇ ಕ್ಲಾಸು. ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸುವುದು ಹೇಗೆಂದು ಅವ್ವ ಅಕ್ಕನನ್ನು ಜೊತೆ ಮಾಡಿದಳು. ಅಕ್ಕ ನನಗಿಂತ ತುಂಬ ದೊಡ್ಡವಳು, ಆಗಲೇ ಸ್ಕೂಲು ಬಿಟ್ಟಿದ್ದಳು. ಎಳೆಗೂಸಾಗಿದ್ದಾಗ ಪೋಲಿಯೋ ಬಡಿದು ಅವಳ ಬಲಗೈ ಸೊರಗಿ, ಬೆರಳು ಮಡಚಿಕೊಂಡೇ ಉಳಿದಿದ್ದವು. ಎಡಗೈ ಮಾತ್ರ ಎರಡು ಕೈಯ ಕೆಲಸ ಮಾಡಿ ಮಾಡಿ ಕಲ್ಲಾಗಿತ್ತು. ಆ ಒಂದು ಕೈಯಲ್ಲೇ ಬಿಂದಿಗೆ ಎತ್ತುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ನಾನು ಮಾತು ಕೇಳದಿದ್ದರೆ ಬೆನ್ನಿಗೂ ಗುದ್ದುತ್ತಿದ್ದಳು.

ಪೆಟ್ಟಿಗೆಯ ಹಿಂದೆ ತಿದಿ ಇರುತ್ತದೆ. ಎಡಗೈಯಲ್ಲಿ ಅದನ್ನು ಒತ್ತಿ ಗಾಳಿ ಕೊಡಬೇಕು, ಬಲಗೈ ಬೆರಳು ಸ್ವರದ ಮನೆಗಳ ಮೇಲೆ ಓಡಬೇಕು. ನನಗೆ ಎರಡೂ ಒಟ್ಟಿಗೆ ಆಗಲಿಲ್ಲ. ತಿದಿ ನೆನಪಾದರೆ ಬೆರಳು ನಿಲ್ಲುತ್ತಿತ್ತು, ಬೆರಳು ಓಡಿದರೆ ತಿದಿ ಮರೆಯುತ್ತಿತ್ತು. "ಉಸ್ರು ಕೊಡವ್ವಾ ಅದಕ್ಕೆ, ಸಾಯ್ತಾ ಅದೆ!" ಎಂದು ಮೇಷ್ಟ್ರು ಕೂಗಿದರೆ ಉಳಿದ ಮಕ್ಕಳೆಲ್ಲ ಕಿಸಕ್ಕನೆ ನಗುತ್ತಿದ್ದವು. ನನಗೆ ಅಳು. ಬಾಗಿಲ ಹೊರಗೆ ಕೂತು ನೋಡುತ್ತಿದ್ದ ಅಕ್ಕ ಎದ್ದು ಬಂದಳು.

"ಮೇಷ್ಟ್ರೆ, ನಾನ್ ಒತ್ಲಾ?"

ಅವರು ಅವಳ ಬಲಗೈಯನ್ನೊಮ್ಮೆ, ಎಡಗೈಯನ್ನೊಮ್ಮೆ ನೋಡಿದರು. "ಒತ್ತು. ಇವತ್ತೊಂದಿನ" ಅಂದರು.

ಆ ಒಂದಿನ ಮೂರು ಬೇಸಿಗೆ ನಡೆಯಿತು. ಮಾರನೇ ವರ್ಷ ಶಿಬಿರ ಪಾಂಡವಪುರಕ್ಕೆ ಹೋಯಿತು, ನಾವು ಸೋದರತ್ತೆಯ ಮನೆಯಲ್ಲಿ ಉಳಿದೆವು. ಅದರಾಚೆ ವರ್ಷ ಕೆ.ಆರ್. ಪೇಟೆ. ದೊಡ್ಡಮ್ಮನ ಮನೆ ಮಾಕವಳ್ಳಿಯಲ್ಲಿದ್ದದ್ದರಿಂದ ದಿನಾ ಅಲ್ಲಿಂದ ಬಸ್ಸು ಹಿಡಿಯುತ್ತಿದ್ದೆವು. ಮೇಷ್ಟ್ರು ಎಲ್ಲಿ ಜಾಗ ಸಿಕ್ಕರೆ ಅಲ್ಲಿ, ನಾವು ಅವರ ಹಿಂದೆ. ಸರಳೆ ಮುಗಿದು, ಜಂಟಿ ಮುಗಿದು, ನಾಟಕದ ಹಾಡುಗಳಿಗೆ ಬಂದೆವು. ಕಂದಪದ್ಯ ಶುರುವಾದಾಗಲೇ ನನಗೆ ಅಕ್ಕ ಏನೆಂದು ಗೊತ್ತಾದದ್ದು.

ಕಂದಕ್ಕೆ ತಾಳವಿಲ್ಲ. ಪಾತ್ರಧಾರಿ ಎಳೆದಷ್ಟು ಎಳೆಯಬೇಕು, ಅವನು ತಡೆದಲ್ಲಿ ತಡೆಯಬೇಕು. ಮಗನನ್ನು ಕಳೆದುಕೊಂಡ ತಾಯಿಯ ಒಂದು ಕಂದವಿತ್ತು. ನನ್ನ ಬೆರಳು ಸ್ವರ ಹಿಡಿದು ಸುಮ್ಮನೆ ಕೂತಿರುತ್ತಿತ್ತು, ಅಷ್ಟೇ ಅದರ ಕೆಲಸ. ಅಕ್ಕ ತಿದಿಯನ್ನು ಮೆಲ್ಲಗೆ ಸಡಿಲಿಸಿ, ಇನ್ನೇನು ಸ್ವರ ಹೋಗೇಬಿಟ್ಟಿತು ಅನ್ನುವಾಗ ಒಂದು ಚೂರು ಗಾಳಿ ಕೊಡುತ್ತಿದ್ದಳು. ಅತ್ತು ಅತ್ತು ಸೋತವರು ಮತ್ತೆ ಬಿಕ್ಕುವ ಹಾಗೆ ಕೇಳುತ್ತಿತ್ತು. ಒಂದು ದಿನ ಊಟ ಬಡಿಸಲು ಬಂದಿದ್ದ ಹೆಂಗಸೊಬ್ಬಳು ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. "ಎಷ್ಟ್ ಚೆಂದಾಗ್ ಬಾರಿಸ್ತದೆ ಈ ಕೂಸು!" ಎಂದು ನನ್ನ ಗಲ್ಲ ಹಿಂಡಿದಳು. ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ಬಗ್ಗಿಸಿ ನಗುತ್ತಿದ್ದಳು.

ದೊಡ್ಡಮ್ಮನ ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಜಗಳ ತೆಗೆದೆ. "ಎಲ್ರೂ ನನ್ನನ್ನೇ ಒಗಳ್ತರೆ, ನಿಂಗೆ ಒಟ್ಟೆ ಉರಿಯಾಕಿಲ್ವಾ?"

"ಯಾಕಮ್ಮಿ ಉರೀಬೇಕು? ನೀರಿಗೋಗ್ಲಿ, ಮದ್ವೆ ಮನೆಗೋಗ್ಲಿ, ಎಲ್ರೂ ಮೊದ್ಲು ನನ್ ಬಲ್ಗೈ ನೋಡ್ತರೆ. ಆಮೇಲ್ ಅಯ್ಯೋ ಪಾಪ ಅಂತರೆ. ಪೆಟ್ಟಿಗೆ ಮುಂದೆ ಕೂತಾಗ ಒಬ್ರೂ ನೋಡಾಕಿಲ್ಲ. ಅದೊಂದೇ ಕಡೆ ನಾನು ನೆಟ್ಟಗಿರದು." ಹಾಗೆಂದು ಕಿಟಕಿ ಕಡೆ ತಿರುಗಿಕೊಂಡಳು. ಅವತ್ತಿನಿಂದ ಯಾರಾದರೂ ಹೊಗಳಿದರೆ "ಅಕ್ಕನೂ" ಅಂತ ಸೇರಿಸುತ್ತಿದ್ದೆ. ಕೇಳಿಸಿಕೊಂಡವರು ಕಡಿಮೆ.

ಒಮ್ಮೆ ಅವಳಿಗೆ ಜ್ವರ ಬಂದು ಬೇರೆ ಹುಡುಗಿ ತಿದಿ ಒತ್ತಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಾನು ಕೋಪಕ್ಕೆ ಪೆಟ್ಟಿಗೆ ಮುಚ್ಚಿ ಹೊರಗೆ ಹೋಗಿ ಕೂತೆ. ಮೇಷ್ಟ್ರು ಬೈಯಲಿಲ್ಲ, ಏನೋ ಯೋಚನೆ ಮಾಡುತ್ತಾ ನನ್ನನ್ನೇ ನೋಡಿದರು. ಆ ಶಿಬಿರ ಮುಗಿದಾಗ ಹಳೆಯದೊಂದು ಪೆಟ್ಟಿಗೆಯನ್ನು ನಮಗೇ ಕೊಟ್ಟು, ಮನೆಯಲ್ಲಿ ಕೈ ಬಿಡದೆ ಬಾರಿಸಿ ಎಂದು ಕಳಿಸಿದರು. ಆ ವರ್ಷ ಇಡೀ ಸಂಜೆ ಹೊತ್ತು ನಮ್ಮ ಜಗುಲಿಯಲ್ಲಿ ನಾವೇ ರಾಣಿಯರು.

ನಾಲ್ಕನೇ ಬೇಸಿಗೆಗೆ ನಾಗಮಂಗಲ. ಅಲ್ಲಿ ನಂಟರಿಲ್ಲ, ಶಿಬಿರದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಹೋದ ದಿನವೇ ನೋಡಿದೆವು: ಶಿಬಿರದ ಹಾಲ್ ನಡುವೆ ಎತ್ತರದ ಒಂದು ಹಾರ್ಮೋನಿಯಂ, ಮೇಜಿನಂತೆ ಕಾಲಿನ ಮೇಲೆ ನಿಂತಿತ್ತು. ಮುಚ್ಚಿಹೋದ ಯಾವುದೋ ನಾಟಕದ ಕಂಪನಿಯದಂತೆ. ಕೆಳಗೆ ಎರಡು ಹಲಗೆ. ಸ್ಟೂಲಿನ ಮೇಲೆ ಕೂತು ಆ ಹಲಗೆಗಳನ್ನು ಪಾದದಿಂದ ತುಳಿದರೆ ಗಾಳಿ, ಮೇಲೆ ಎರಡು ಕೈಗೂ ಬಿಡುವು. ಮಕ್ಕಳೆಲ್ಲ ಮುತ್ತಿಕೊಂಡಿದ್ದವು. ಮೇಷ್ಟ್ರು ನನ್ನನ್ನು ಕರೆದರು.

"ಕೂತ್ಕೊಳವ್ವಾ. ಕಾಲ್ ಎಟುಕ್ತದಾ ನೋಡು. ಎಟುಕ್ತದೆ! ಇನ್ಮೇಲ್ ಇದು ನಿಂದು. ಕೊನೇ ದಿನ ಅಪ್ಪ ಅವ್ವ ಎಲ್ಲಾ ಬತ್ತರೆ, ಅವತ್ತು ಇದ್ರ ಮೇಲೆ ನೀನೇ ಬಾರಿಸ್ಬೇಕು."

ನನಗೆ ಹಿಗ್ಗಾಯಿತು. ಆಮೇಲೆ ಹಿಂದಕ್ಕೆ ತಿರುಗಿ ನೋಡಿದೆ. ಅಕ್ಕ ಅಭ್ಯಾಸದಂತೆ ನನ್ನ ಎಡಕ್ಕೆ ಬಂದು ನಿಂತಿದ್ದಳು, ಎಡಗೈ ಚಾಚಿ ತಿದಿ ಎಲ್ಲಿದೆ ಎಂದು ಹುಡುಕುತ್ತಿದ್ದಳು.

"ಅಕ್ಕ?" ಎಂದು ಮೇಷ್ಟ್ರನ್ನು ಕೇಳಿದೆ.

"ಅಕ್ಕ ನಾಳೀಕೆ ಮದ್ವೆ ಆಗಿ ಓಯ್ತಾಳೆ ಕಣವ್ವಾ. ಆಮೇಲ್ ನಿಂಗ್ ಯಾರ್ ಗಾಳಿ ಕೊಡ್ತರೆ? ನಿನ್ನುಸ್ರು ಇನ್ನೊಬ್ರ ಕೈಲಿರಬಾರ್ದು." ಅವರು ಕೆಟ್ಟವರಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು.

ನಾನು ಸ್ಟೂಲಿನಿಂದ ಇಳಿದೆ. ಬಾರಿಸುವುದಿಲ್ಲ, ಊರಿಗೆ ಹೋಗುತ್ತೀನಿ, ಈ ದರಿದ್ರದ ಹಾರ್ಮೋನಿಯಂ ನನಗೆ ಬೇಡವೇ ಬೇಡ ಎಂದು ರಂಪ ಮಾಡಿದೆ. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಹೋದಳು.

"ಸುಮ್ಕೆ ಕೂತು ಕಲೀತಿಯೋ, ಬೆನ್ನಿಗೆರಡು ಬುಡ್ಲೋ?"

"ನೀನು?"

"ನಂಗೇನ್ ಆಗದೆ? ಮೂರೊತ್ತು ಒತ್ತಿ ಒತ್ತಿ ಕೈ ಬಿದ್ದೋಗದೆ. ಬುಡುಗಡೆ ಆಯ್ತು ಅನ್ಕೋತೀನಿ."

ನಾನು ನಂಬಲಿಲ್ಲ. ಆದರೆ ಕೂತೆ. ಕಾಲು ತುಳಿದರೆ ಒರಟು ಗಾಳಿ, ಸ್ವರ ಕೂಗಿದ ಹಾಗೆ ಬರುತ್ತಿತ್ತು. ಕಂದ ಅಳುವ ಬದಲು ಜಗಳಕ್ಕೆ ನಿಂತಂತೆ ಕೇಳುತ್ತಿತ್ತು. ಮೇಷ್ಟ್ರಿಗೂ ಹೇಗೆ ಹೇಳಿಕೊಡಬೇಕೆಂದು ತಿಳಿಯಲಿಲ್ಲ. ಆಗ ಅಕ್ಕ ಬಂದು ನನ್ನ ಕಾಲ ಬುಡದಲ್ಲಿ ನೆಲಕ್ಕೆ ಕೂತಳು. ನನ್ನ ಪಾದದ ಮೇಲೆ ಎಡಗೈ ಇಟ್ಟಳು. ತಾನು ತಿದಿಯನ್ನು ಎಲ್ಲಿ ಒತ್ತುತ್ತಿದ್ದಳೋ ಅಲ್ಲಿ ಪಾದವನ್ನು ಅದುಮಿದಳು, ಎಲ್ಲಿ ಸಡಿಲ ಬಿಡುತ್ತಿದ್ದಳೋ ಅಲ್ಲಿ ಕೈ ಹಗುರ ಮಾಡಿದಳು. "ಈಗ ಬುಡು. ಒಸಿ ತಡಿ. ಸಾಯ್ಲಿ, ಸಾಯ್ಲಿ... ಈಗ ಕೊಡು." ದಿನಾ ಹಾಗೇ. ರಜೆಯೆಲ್ಲ ಅವಳು ನೆಲದ ಮೇಲೆ, ನಾನು ಸ್ಟೂಲಿನ ಮೇಲೆ. ಮೂರು ಬೇಸಿಗೆಯ ತನ್ನ ವಿದ್ಯೆಯನ್ನೆಲ್ಲ ನನ್ನ ಕಾಲಿಗೆ ಧಾರೆ ಎರೆದು ಕೊಟ್ಟುಬಿಟ್ಟಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಕಾಲು ಕಲಿಯುತ್ತಾ ಹೋಯಿತು, ಏನು ಮಾಡಲಿ.

ಕೊನೆಯ ದಿನ ಹಾಲ್ ತುಂಬ ಜನ. ಅಪ್ಪ ಹೊಸ ಟವೆಲ್ ಹೊದ್ದು ಮುಂದಿನ ಸಾಲಿನಲ್ಲಿ, ಅವ್ವನೂ ಅಕ್ಕನೂ ಅವನ ಪಕ್ಕದಲ್ಲಿ. ಕಂದ ಬಾರಿಸುವಾಗ ದೇವರೇ, ಇದು ಕೆಡಲಿ ಎಂದು ಬೇಡಿಕೊಂಡೆ. ಅಕ್ಕನಿಲ್ಲದೆ ಬರಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ. ಕೆಡಲಿಲ್ಲ. ಎಲ್ಲಿ ಸೋಲಬೇಕೋ ಅಲ್ಲಿ ಸೋತು, ಎಲ್ಲಿ ಬಿಕ್ಕಬೇಕೋ ಅಲ್ಲಿ ಬಿಕ್ಕಿತು. ಚಪ್ಪಾಳೆ ಬಿತ್ತು. ಅಪ್ಪ ಅಳುತ್ತಿದ್ದ. ಕೆಳಗಿಳಿದು ಬಂದಾಗ ಅಕ್ಕ ನನ್ನ ಬೆವರು ಒರೆಸಿದಳು.

"ಪಸಂದಾಗ್ ಬಂತು ಕಣಮ್ಮಿ. ನಾನಿಲ್ದಿದ್ರೂ ಬತ್ತದೆ, ನೋಡ್ದಾ?"

ಅಷ್ಟು ಮೆಲ್ಲಗೆ ಅವಳು ಯಾವತ್ತೂ ಮಾತಾಡಿದವಳಲ್ಲ. ಪಕ್ಕದಲ್ಲಿದ್ದ ಹೆಂಗಸು ಇವಳು ಯಾರು ಎಂದು ಅವ್ವನನ್ನು ಕೇಳಿ, ಅಕ್ಕನ ಬಲಗೈ ನೋಡಿ, "ಅಯ್ಯೋ ಪಾಪ" ಅಂದಳು.

ಊರಿಗೆ ಬಂದ ಮೇಲೆ ಜಗುಲಿಯಲ್ಲಿ ನಮ್ಮ ಹಳೆಯ ಪೆಟ್ಟಿಗೆ ಇಟ್ಟುಕೊಂಡು "ಬಾರಕ್ಕ, ಒತ್ತು" ಎಂದು ಕರೆದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕೈ ಕೊಡವಿಕೊಂಡು ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಅದೇ ಕಂದ ಹಿಡಿದೆ. ಅವಳು ತಿದಿ ಒತ್ತಿದಳು, ಸಡಿಲ ಮಾಡಿದಳು, ಒತ್ತಿದಳು. ಒಂದೇ ಸಮ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರು ಬೇಕಾದರೂ ಒತ್ತಬಹುದಾದ ಹಾಗೆ.

"ಅಂಗಲ್ಲಕ್ಕ. ಮೊದ್ಲಿನಂಗೆ ಒತ್ತು."

"ಮೊದ್ಲಿನಂಗೆ ಅಂದ್ರೆ ಯಂಗಮ್ಮಿ?"

"ನಿಂಗೇ ಗೊತ್ತಲ್ಲ!"

"ಕಾಣೆ ಕಣವ್ವಾ. ಗಾಳಿ ತಾನೆ ಬೇಕಿರದು? ಕೊಡ್ತಾ ಇವ್ನಿ, ಬಾರ್ಸು."

ನಾನು ಬೆರಳು ತೆಗೆದು ಅಲ್ಲೇ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಎದ್ದು, ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಆಮೇಲೆ ನಾನು ಕರೆಯಲಿಲ್ಲ, ಅವಳು ಬರಲಿಲ್ಲ.

ಅಕ್ಕನ ಮದುವೆಯಾದದ್ದು ಅದೆಲ್ಲ ಆಗಿ ಬಹಳ ದಿನಕ್ಕೆ, ಕೆ.ಆರ್. ಪೇಟೆ ಕಡೆಗೆ. ಒಳ್ಳೆಯ ಮನುಷ್ಯ, ಒಳ್ಳೆಯ ಮನೆ. ಕಳಿಸಿಕೊಡುವಾಗ ಅವ್ವ ಅತ್ತಳು, ಅಪ್ಪ ಅತ್ತ, ಬೀದಿಯ ಹೆಂಗಸರೆಲ್ಲ ಅತ್ತರು. ನಾನೊಬ್ಬಳು ಅಳಲಿಲ್ಲ. "ಎಂಥ ಕಲ್ಲೆದೆ ಅದರದ್ದು, ಒಡುಟ್ಟಿದೋಳು ಓಯ್ತಾವ್ಳೆ, ಒಂದ್ ಅನಿ ನೀರಿಲ್ಲ" ಎಂದು ಸೋದರತ್ತೆ ಎಲ್ಲರ ಮುಂದೆ ಆಡಿಕೊಂಡಳು. ನನ್ನಕ್ಕ ಹೋಗಿ ಎಷ್ಟೋ ದಿನವಾಗಿತ್ತು, ಜಗುಲಿಯಲ್ಲಿ ಅತ್ತೂ ಆಗಿತ್ತು.