ಬೀರುವಿನಲ್ಲಿಟ್ಟ ಇರುವೆ

ಅಂದು ಬೆಳಗ್ಗೆ ಅಂಗಳ ಗುಡಿಸಿ ಸಗಣಿ ಸಾರಿಸಿದೆ. ಹಸುವಿಗೆ ಹಿಂಡಿ ಕಲಸಿಟ್ಟೆ. ದೊಡ್ಡವಳಿಗೆ ಜಡೆ ಹಾಕಿ, ಚಿಕ್ಕವನ ಮೂಗು ಒರೆಸಿದೆ. ಅತ್ತೆಗೆ ಗಂಜಿ ಕೊಟ್ಟೆ. ಮೈದಾ ಹಿಟ್ಟಿನ ಅಂಟು ಕಾಯಿಸಿ, ಕೆನೆ ಕಟ್ಟದ ಹಾಗೆ ಒದ್ದೆ ಬಟ್ಟೆ ಮುಚ್ಚಿದೆ. ಹಿಂದಿನ ದಿನ ಮಡಚಿ ರುಬ್ಬುಗುಂಡಿನ ಕೆಳಗಿಟ್ಟಿದ್ದ ಹಾಳೆಗಳನ್ನು ತೆಗೆದು ಹೊಲಿಗೆಗೆ ಜೋಡಿಸಿದೆ. ಆಮೇಲೆ ಸೀರೆ ಬದಲಿಸಿ, ಇವರ ಜೊತೆ ಶಿಡ್ಲಘಟ್ಟಕ್ಕೆ ಹೋಗುವ ಚಿಕ್ಕ ರೈಲು ಹತ್ತಿದೆ.

ಪುಸ್ತಕ ಮಾಡುವುದು ನಮ್ಮ ಮನೆಯಲ್ಲಿ ಬೇರೆ ಕೆಲಸವೇ ಆಗಿರಲಿಲ್ಲ. ಹಿಂಡಿ ಕಲಸಿದ ಕೈ ತೊಳೆದುಕೊಂಡರೆ ಅದೇ ಕೈ ಅಂಟು ಹಚ್ಚುತ್ತಿತ್ತು. ಐವತ್ತರ ದಶಕದಲ್ಲಿ ನಮ್ಮ ಯಜಮಾನರು ಬೆಂಗಳೂರಿನ ಪ್ರೆಸ್ಸೊಂದರಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ ಒಂದನ್ನು ಚಿಂತಾಮಣಿಗೆ ತಂದರು. ಅಂಬಾಜಿದುರ್ಗದ ತಪ್ಪಲಲ್ಲಿ ಹೊಲ ಮಾಡುತ್ತಿದ್ದ ಮಾವ, "ನೇಗಿಲು ಹಿಡಿಯೋ ಕೈಗೆ ಸೀಸ ಯಾಕಪ್ಪ?" ಅಂದರಂತೆ. ಮೊದಮೊದಲು ಲಗ್ನಪತ್ರಿಕೆ, ಮಂಡಿಯ ರಸೀತಿ ಅಚ್ಚು ಹಾಕುತ್ತಿದ್ದರು. ನಮ್ಮ ದೊಡ್ಡವಳು ಅಕ್ಷರ ಕೂಡಿಸಿ ಓದಲು ಕಲಿತಳು. ಓದುವುದಕ್ಕೆ ಏನೂ ಸಿಗದೆ, ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದಿದ್ದ ಕಾಗದದ ಚೂರನ್ನೇ ಮೂರು ಸಲ ಓದಿದಳು. ಅದನ್ನು ನೋಡಿ ಇವರು ಮಕ್ಕಳ ಪುಸ್ತಕ ಶುರು ಮಾಡಿದರು.

ನಮ್ಮ ಮೂರನೆಯ ಪುಸ್ತಕ ಒಂದು ಇರುವೆಯ ಕತೆ. ಬೆಲ್ಲದ ಚೂರು ಹೊತ್ತ ಇರುವೆ ಚಿಂತಾಮಣಿಯಲ್ಲಿ ರೈಲು ಹತ್ತಿ, ಒಂದೊಂದು ಸ್ಟೇಷನ್ನಿನಲ್ಲೂ ಒಬ್ಬೊಬ್ಬರ ಕಣ್ಣು ತಪ್ಪಿಸಿ, ಚಿಕ್ಕಬಳ್ಳಾಪುರದ ನಂಟರ ಮನೆ ಸೇರುತ್ತದೆ. ಚಿತ್ರಗಳನ್ನು ಮರದಲ್ಲಿ ಕೆತ್ತಿಕೊಟ್ಟವರು ಬಾಗಿಲು ಮಾಡುವ ಆಚಾರಿ. ಅಭ್ಯಾಸಬಲದಿಂದ ಎಂಜಿನ್ನಿನ ಸುತ್ತಲೂ ಬಾಗಿಲವಾಡದ ಬಳ್ಳಿ ಬಿಡಿಸಿಬಿಟ್ಟಿದ್ದರು. ನನಗೆ ಅದೇ ಚೆಂದ ಕಂಡಿತ್ತು.

ಆ ಪುಸ್ತಕ ಹೊರಡುವ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿ ನಾವು ಅಂಚು ಕತ್ತರಿಸಿಕೊಂಡು ಬರುತ್ತಿದ್ದ ಮೆಷಿನ್ನಿನ ಅಲಗು ಮುರಿಯಿತು. ದೊಡ್ಡ ಹಾಳೆಯಲ್ಲಿ ಹಲವು ಪುಟ ಒಟ್ಟಿಗೆ ಅಚ್ಚಾಗುತ್ತವೆ. ಮಡಚಿ ಹೊಲಿದ ಮೇಲೆ ಅಂಚು ಕತ್ತರಿಸಿದರೇ ಪುಟಗಳು ಬಿಡಿಯಾಗುವುದು. ಇಲ್ಲದಿದ್ದರೆ ಪುಸ್ತಕ ಬಾಯಿ ಮುಚ್ಚಿಕೊಂಡೇ ಇರುತ್ತದೆ. ನಾವು ಸ್ವಲ್ಪ ದಿನ ತಾಳಿ ಅಂದೆವು. ಶಿಡ್ಲಘಟ್ಟದ ಒಂದು ಶಾಲೆಯ ಹೆಡ್‌ಮಾಸ್ಟರಿಗೆ ಅವಸರ. "ಹಂಗೇ ಕೊಡ್ರಿ, ಮಾರ್ಚ್ ಮುಗೀತದೆ, ಗ್ರಾಂಟು ವಾಪಸ್ ಹೋಗ್ತದೆ. ನಾವೇ ಚಾಕು ಹಾಕಿ ಸೀಳ್ಕೋತೀವಿ" ಅಂದು ಒಂದು ಕಟ್ಟು ಒಯ್ದಿದ್ದರು.

ಅದಾಗಿ ಎರಡು ವರ್ಷದ ಮೇಲೆ, ಅರವತ್ತರ ದಶಕದ ಮೊದಲಲ್ಲಿ, ಅದೇ ಹೆಡ್‌ಮಾಸ್ಟರನ್ನು ಕಾಣಲು ನಾವು ಹೊರಟದ್ದು. ಅವರ ಮಾತಿಗೆ ಬೆಲೆಯಿತ್ತು. ಅವರು ಶಿಫಾರಸು ಮಾಡಿದರೆ ಗೌರಿಬಿದನೂರಿನ ಶಾಲೆಗಳೂ ನಮ್ಮ ಪುಸ್ತಕ ಕೊಳ್ಳುವುದು ಖಂಡಿತ. ಇಲ್ಲದಿದ್ದರೆ ಮಕ್ಕಳ ಪುಸ್ತಕ ನಿಲ್ಲಿಸುವುದು ಅಂತ ಇವರು ತೀರ್ಮಾನಿಸಿದ್ದರು. ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಇಷ್ಟು ಹೊಲಿದಿದ್ದೇನೆ, ಬೇರೆ ಮನೆಯ ಮಗುವೊಂದು ಓದುವುದನ್ನು ಒಮ್ಮೆ ನೋಡುತ್ತೇನೆ ಎಂದು ಹಟ ಹಿಡಿದೆ.

"ಬಾ, ಆದ್ರೆ ಬಾಯಿ ಬಿಡಬೇಡ ಕಣೇ" ಅಂದರು ಇವರು.

ಹೆಡ್‌ಮಾಸ್ಟರು ಮರ್ಯಾದೆಯಿಂದಲೇ ಕೂರಿಸಿದರು. ಜವಾನನಿಂದ ಕಾಫಿ ತರಿಸಿದರು. ನಮ್ಮ ಪುಸ್ತಕವನ್ನು ಮಕ್ಕಳು ಹೇಗೆ ಓದುತ್ತಾರೆ ಎಂದು ಇವರು ಕೇಳಿದ್ದಕ್ಕೆ, ಎದ್ದು ಸೊಂಟದ ಬೀಗದ ಕೈ ತೆಗೆದು ಬೀರು ತೆರೆದರು. ನುಸಿಗುಳಿಗೆಯ ವಾಸನೆ ಗಪ್ಪೆಂದು ಹೊಡೆಯಿತು.

"ನೋಡಿಯಮ್ಮ, ಹೆಂಗೆ ಇಟ್ಟಿದೀನಿ! ಒಂದು ಕಲೆ ಇಲ್ಲ. ಇನ್ಸ್‌ಪೆಕ್ಟರು ಬಂದಾಗ ಮೇಜಿನ ಮೇಲೆ ಜೋಡಿಸ್ತೀನಿ, ಅವರಿಗೆ ಬಾಳ ಖುಷಿ."

ನಾನು ಒಂದನ್ನು ಕೈಗೆ ತೆಗೆದುಕೊಂಡೆ. ಅಂಚು ಮುಚ್ಚಿಕೊಂಡೇ ಇತ್ತು. ಇನ್ನೊಂದು ತೆಗೆದೆ, ಅದೂ ಹಾಗೇ. ಇಡೀ ಕಟ್ಟಿನಲ್ಲಿ ಒಂದು ಪುಸ್ತಕಕ್ಕೂ ಚಾಕು ತಾಗಿರಲಿಲ್ಲ. ನಮ್ಮ ಇರುವೆ ಎರಡು ವರ್ಷದಿಂದ ಚಿಂತಾಮಣಿ ಸ್ಟೇಷನ್ನು ಬಿಟ್ಟೇ ಇರಲಿಲ್ಲ.

"ಸಾರ್, ಮಕ್ಕಳು ಇದನ್ನ ಓದೋದು ಹೆಂಗೆ?"

"ಓದಕ್ಕೆ ಪಠ್ಯಪುಸ್ತಕ ಐತಲ್ಲಮ್ಮ. ಈ ಹುಡುಗರ ಕೈಗೆ ಇದನ್ನ ಕೊಡೋದಾ? ಒಂದು ಸಲ ಆ ಕೈ ಮೂಸಿ ನೋಡಿ, ಗೊತ್ತಾಗ್ತದೆ. ಬೆಳಗ್ಗೆ ಎದ್ದು ನೂಲು ತೆಗೆಯೋ ಮನೇಲಿ ರೇಷ್ಮೆಗೂಡು ಬೇಯ್ಸಿ ಬರ್ತವೆ. ಒಂದೇ ದಿನಕ್ಕೆ ಪುಸ್ತಕವೆಲ್ಲ ಹುಳದ ವಾಸನೆ."

ಇವರು ನಕ್ಕರು. ಹೌದು, ನಮ್ಮ ಯಜಮಾನರೂ ಆ ಮಾತಿಗೆ ಸಣ್ಣಗೆ ನಕ್ಕರು. ನನ್ನ ಮೈ ಉರಿದುಹೋಯಿತು. ಆ ಊರಲ್ಲಿ ರೇಷ್ಮೆಯ ವಾಸನೆಯಿಲ್ಲದ ಕೈ ಯಾವುದು? ಹೆಡ್‌ಮಾಸ್ಟರು ಹೆಗಲ ಮೇಲೆ ಹಾಕಿಕೊಂಡಿದ್ದ ಜರಿಯಂಚಿನ ವಲ್ಲಿ ಅಂಥದೇ ಕೈಯಿಂದ ಬಂದದ್ದು. ಕುದಿನೀರಿಗೆ ಬೆರಳಿಟ್ಟು ಎಳೆ ತೆಗೆಯುವ ಮಗು ಒಂದು ಹಾಳೆ ತಿರುವಿದರೆ ಕೊಳೆಯಾಗುತ್ತದಂತೆ.

ಮೇಜಿನ ಮೇಲೆ ಮರದ ಅಡಿಪಟ್ಟಿ ಇತ್ತು. ಅದನ್ನೂ ಪುಸ್ತಕದ ಕಟ್ಟನ್ನೂ ಎತ್ತಿಕೊಂಡು ಹೊರಗೆ ಜಗಲಿಯ ಮೇಲೆ ಕೂತೆ. ಮಡಿಕೆಯೊಳಗೆ ಪಟ್ಟಿ ತೂರಿಸಿ ಸರಕ್ಕನೆ ಸೀಳಿದೆ. ಊಟದ ಬಿಡುವಿನಲ್ಲಿದ್ದ ಮಕ್ಕಳು ಮೊದಲು ದೂರ ನಿಂತರು, ಆಮೇಲೆ ಮೇಲೆಯೇ ಬಿದ್ದರು. ಸೀಳಿದ್ದನ್ನು ಸೀಳಿದ ಹಾಗೆ ಕೈಗೆ ಕೊಟ್ಟೆ.

"ಒರೇಯ್, ಇಕ್ಕಡ ಚೂಡ್ರಾ! ಇಲ್ನೋಡೋ, ನಮ್ ಸ್ಟೇಷನ್ನು!"

"ಲೇ, ಇರುವೆ ಟಿಕೀಟೇ ತಗೊಂಡಿಲ್ಲ ಕಣೋ!"

"ನಿಮ್ಮಪ್ಪ ತಗೊಂಡಿದ್ನಾ?"

ಒಬ್ಬ ಹುಡುಗಿ ಮಾತ್ರ ಪುಸ್ತಕ ಮುಟ್ಟುವ ಮೊದಲು ಎರಡು ಕೈಯನ್ನೂ ಲಂಗಕ್ಕೆ ಉಜ್ಜಿ ಉಜ್ಜಿ ಒರೆಸಿಕೊಂಡಳು. ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು. ಅದನ್ನು ನೋಡಿದ ಮೇಲೆ ನನ್ನನ್ನು ಯಾರೂ ತಡೆಯುವ ಹಾಗಿರಲಿಲ್ಲ.

ಹೆಡ್‌ಮಾಸ್ಟರು ಬಾಗಿಲಿಗೆ ಬಂದರು. ಅಷ್ಟು ಹೊತ್ತು 'ನೋಡಿಯಮ್ಮ' ಅನ್ನುತ್ತಿದ್ದವರು, "ಏನು ಮಾಡ್ತಿದೀಯ ನೀನು? ಸರ್ಕಾರದ ಸ್ವತ್ತು ಅದು!" ಅಂದರು.

"ಎರಡು ವರ್ಷದ ಹಿಂದೆ ನೀವೇ ಸೀಳ್ಕೋತೀವಿ ಅಂದಿದ್ರಲ್ಲ ಸಾರ್. ನಿಮ್ಮ ಕೆಲಸವೇ ಮಾಡ್ತಿದೀನಿ."

"ಎದ್ದೇಳೇ" ಅಂದರು ಇವರು, ಹಲ್ಲು ಕಚ್ಚಿಕೊಂಡು. ನಾನು ಏಳಲಿಲ್ಲ. ಕೊನೆಯ ಪುಸ್ತಕ ಸೀಳಿ ಮುಗಿಸಿ, ಸೆರಗಿಗೆ ಬಿದ್ದಿದ್ದ ಕಾಗದದ ಧೂಳು ಕೊಡವಿ ಎದ್ದೆ.

ಹೆಡ್‌ಮಾಸ್ಟರು ಗಂಟೆ ಹೊಡೆಸಿದರು. ಮಕ್ಕಳ ಕೈಯಿಂದ ಒಂದೊಂದಾಗಿ ಕಿತ್ತುಕೊಂಡು ಜವಾನನ ತೋಳಿಗೆ ಹೇರಿದರು. ಕೆಲವರು ಕತೆಯ ಅರ್ಧದಲ್ಲಿದ್ದರು. ಬೀರುವಿಗೆ ಮತ್ತೆ ಬೀಗ ಬಿತ್ತು. "ಗೌರಿಬಿದನೂರಿಗೆ ನಾನು ಬರೆಯಕ್ಕಾಗಲ್ಲ. ಮೊದಲು ಮನೆ ಸರಿಮಾಡ್ಕೊಳ್ಳಿ" ಅಂತ ಇವರಿಗೆ ಹೇಳಿದರು, ನನ್ನ ಕಡೆ ತಿರುಗಿಯೂ ನೋಡದೆ.

ಆ ಮನುಷ್ಯ ಕಳ್ಳನಲ್ಲ, ಸೋಮಾರಿಯಲ್ಲ. ಪುಸ್ತಕವನ್ನು ಮಕ್ಕಳಿಂದ ಕಾಪಾಡುವುದೇ ತನ್ನ ಕೆಲಸ ಅಂತ ನಂಬಿದ್ದರು. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು. ಕಳ್ಳನಾಗಿದ್ದರೆ ಯಾವುದಾದರೂ ಸಂತೆಯಲ್ಲಿ ಮಾರಿಕೊಳ್ಳುತ್ತಿದ್ದರು, ಯಾವುದೋ ಮಗುವಿಗೆ ಸಿಗುತ್ತಿತ್ತು.

ರೈಲಿನಲ್ಲಿ ಇವರು ಕಿಟಕಿ ಕಡೆ ಮುಖ ಹಾಕಿದವರು ಚಿಂತಾಮಣಿ ಬರುವವರೆಗೂ ತಿರುಗಲಿಲ್ಲ. ಹೆಡ್‌ಮಾಸ್ಟರ ಮಾತಿಗೆ ಇವರು ನಕ್ಕದ್ದನ್ನು ನಾನು ಮರೆತಿರಲಿಲ್ಲ.

ಮನೆಯಲ್ಲಿ ಅತ್ತೆ ಮುದ್ದೆ ತೊಳಸಿ, ಹುರುಳಿಕಾಳಿನ ಬಸ್ಸಾರು ಮಾಡಿಟ್ಟಿದ್ದರು. ಬಡಿಸುವಾಗ ಇವರು ಮೊದಲ ಸಲ ಬಾಯಿ ಬಿಟ್ಟರು.

"ಮುಗೀತಲ್ಲ? ನಾಳೆಯಿಂದ ಲಗ್ನಪತ್ರಿಕೆ ಅಚ್ಚು ಹಾಕ್ತಾ ಕೂತ್ಕೋತೀನಿ."

"ಹಾಕಿ. ಅದನ್ನಾದ್ರೂ ಜನ ಬಿಚ್ಚಿ ಓದ್ತಾರೆ."

ಅತ್ತೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. "ಸಾರಿಗೆ ಉಪ್ಪು ಸಾಕೇನಪ್ಪ?" ಅಂದರು. ಸಾಕಮ್ಮ ಅಂದು ಇವರು ಒಂದು ಮುದ್ದೆ ತಿಂದು ಎದ್ದರು. ನಾನು ಎರಡು ತಿಂದೆ, ಮೇಲೆ ಮಜ್ಜಿಗೆ ಕುಡಿದೆ. ಗೋಡೆಯ ಕಡೆ ತಿರುಗಿ ಮಲಗಿದೆ. ಇವರು ಪಕ್ಕದಲ್ಲಿ ಹೊರಳಾಡುತ್ತಲೇ ಇದ್ದರು. ಮೊದಲು ನಿದ್ದೆ ಹೋದವಳು ನಾನೇ.