ಕಲ್ಲು ಸಭಾಂಗಣಕ್ಕೆ ಮೂವತ್ತೆಂಟು ಕಂಬಳಿ

ಮಾರಣ್ಣ ಮಧುಗಿರಿಯ ಸ್ನಾತಕೋತ್ತರ ಕೇಂದ್ರದಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಕೇಂದ್ರದ ಹಳೆಯ ಕಲ್ಲು ಸಭಾಂಗಣದ ಬೀಗದ ಕೈಯೂ ಇಪ್ಪತ್ತಾರು ವರ್ಷದಿಂದ ಅವನ ಬಳಿಯೇ ಇದೆ. ಒಣಭೂಮಿ ಬೇಸಾಯದ ಬಗ್ಗೆ ಮೂರು ದಿನದ ರಾಷ್ಟ್ರೀಯ ಸಮ್ಮೇಳನ ಅಲ್ಲೇ ಆಗುತ್ತದೆ, ಮುನ್ನೂರು ವಿದ್ವಾಂಸರು ಬರುತ್ತಾರೆ ಎಂದು ಗೊತ್ತಾದಾಗ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೂರು ವಾರ ದುಡಿದ. ಗೋಡೆಗೆ ಮೆತ್ತಿದ್ದ ಸುಣ್ಣ ಕೆರೆಸಿ ಕಲ್ಲು ಹೊಳೆಯುವಂತೆ ಮಾಡಿದ. ನುಸಿ ಹಿಡಿದ ದಪ್ಪ ಪರದೆಗಳನ್ನೂ ತೆಂಗಿನ ನಾರಿನ ಹಾಸುಗಳನ್ನೂ ಪುರಸಭೆಯ ಟ್ರ್ಯಾಕ್ಟರ್‌ಗೆ ಹಾಕಿಸಿದ.

ಸಮ್ಮೇಳನಕ್ಕೆ ಐದು ದಿನ ಇರುವಾಗ ಸಂಚಾಲಕಿ ವನಜಾಕ್ಷಿ ಮೇಡಂ ವೇದಿಕೆ ಹತ್ತಿ ಮೈಕಿನಲ್ಲಿ, "ಎಲ್ಲರಿಗೂ ಸ್ವಾಗತ" ಎಂದರು. ಮಾತು ಗೋಡೆಯಿಂದ ಗೋಡೆಗೆ ಪುಟಿದು ಕಲಸಿಹೋಯಿತು.

ಆರನೇ ಸಾಲಿನಲ್ಲಿದ್ದ ಸೂಪರಿಂಟೆಂಡೆಂಟ್ ನಂದೀಶ್ವರಯ್ಯ ಎದ್ದು ನಿಂತರು. "ಮೇಡಂ, ಸ್ವಾಗತ ಮೂರು ಸಲ ಬಂತು. ಯಾರಿಗೆ ಅಂತ್ಲೇ ತಿಳೀಲಿಲ್ಲ!"

ಮೇಡಂ ನಗಲಿಲ್ಲ. "ಸಮ್ಮೇಳನಕ್ಕೆ ಕಲ್ಯಾಣ ಮಂಟಪ ನೋಡೋಣ" ಎಂದರು.

ಮಾರಣ್ಣ ಬರಿಗೋಡೆಗಳ ಕಡೆ ನೋಡಿದ. ಹೋದ ವರ್ಷದ ಸಭೆಯಲ್ಲಿ ಹೀಗಾಗಿರಲಿಲ್ಲ. ಅಂದಿಗೂ ಇಂದಿಗೂ ಬದಲಾದದ್ದು ಒಂದೇ, ತಾನು ಹೊರಗೆ ಹಾಕಿಸಿದ ಬಟ್ಟೆ ಮತ್ತು ನಾರು.

"ತಪ್ಪು ನಂದೇ ಮೇಡಂ. ಸದ್ದು ಹೀರ್ಕೊಳ್ಳೋದನ್ನೆಲ್ಲ ನಾನೇ ಎಸೆದ್ಬುಟ್ಟೆ. ಮೂರು ದಿನ ಟೈಮ್ ಕೊಡಿ, ಸರಿ ಮಾಡ್ತೀನಿ."

"ಯಾವುದರಿಂದ?"

"ಕಂಬಳಿ."

"ಹಾಲ್‌ನ ಕುರಿಹಟ್ಟಿ ಮಾಡ್ಬುಡ್ತೀಯಾ ಮಾರಣ್ಣ?" ಎಂದು ನಂದೀಶ್ವರಯ್ಯ ನಕ್ಕರು. ಮಾರಣ್ಣನಿಗೆ ನಗು ತಟ್ಟಲಿಲ್ಲ. ಅವನು ಹುಡುಗನಾಗಿದ್ದಾಗ ಮನೆಯವರು ಕುರಿಮರಿಗಳನ್ನು ಕೂಡಿಹಾಕುತ್ತಿದ್ದದ್ದು ಪಾಳು ಕಲ್ಲುಮಂಟಪದಲ್ಲಿ. ಕಂಬಳಿ ಇಳಿಬಿಟ್ಟರೆ ಮರಿಗಳ ಅರಚಾಟ ಅರ್ಧಕ್ಕೆ ಇಳಿಯುತ್ತಿತ್ತು.

ಮೇಡಂ ಮೈಕ್ ಆಫ್ ಮಾಡಿದರು. "ಗುರುವಾರ ಸಂಜೆವರೆಗೆ" ಎಂದರು.

ಮಾರಣ್ಣ ವಳ್ಳೂರಿನಲ್ಲಿದ್ದ ಅಕ್ಕ ಭೀಮಕ್ಕನಿಗೆ ಫೋನ್ ಮಾಡಿದ.

"ಏಮ್ರಾ, ನಲವತ್ತು ಕಂಬಳಿ ಯಾಕೋ? ಯಾರ ಮದುವೆ?"

"ಮದುವೆ ಅಲ್ಲಕ್ಕ, ಸಮ್ಮೇಳನ."

"ದೇವ್ರನ್ನ ಕೂರಿಸೋ ಕಂಬಳಿ ಕಣ್ಲಾ. ನೆಲಕ್ಕೆ ಹಾಸಿ ಚಪ್ಲಿ ಕಾಲಲ್ಲಿ ತುಳಿಸೋದಾದ್ರೆ ಒಂದೂ ಕೊಡಾಕಿಲ್ಲ."

"ಗೋಡೆಗೆ ಕಣಕ್ಕ. ಒಬ್ಬರ ಕಾಲೂ ಸೋಕಲ್ಲ."

ನೆಂಟರ ಮನೆಗಳನ್ನೆಲ್ಲ ಸುತ್ತಿ ಅವಳು ಮೂವತ್ತೆಂಟು ಕೂಡಿಸಿದಳು. ಬುಧವಾರ ಮಧ್ಯಾಹ್ನ ಲಗೇಜ್ ಆಟೋದಲ್ಲಿ ಕಂಬಳಿಗಳ ಜೊತೆ ತಾನೂ ಬಂದಿಳಿದಳು. ತಮ್ಮನ ಮಾತನ್ನು ಕಣ್ಣಾರೆ ಕಂಡೇ ನಂಬುವವಳು ಅವಳು.

ಮಾರಣ್ಣ ಲೋಲಕದ ಪ್ರಯೋಗಕ್ಕೆ ಬಳಸುವ ಸ್ಟಾಪ್‌ವಾಚ್ ತಂದ. ಎರಡು ಹಲಗೆ ತುಂಡು ಬಡಿದು, ಸದ್ದು ಅಡಗುವವರೆಗೆ ಎಣಿಸಿದ. ಐದು ಸಲ ನೋಡಿ ಸರಾಸರಿ ತೆಗೆದ: ಮೂರು ಪಾಯಿಂಟ್ ಆರು ಸೆಕೆಂಡು. ಕಂಬಳಿಗಳನ್ನು ಗೋಡೆಗೆ ಅಂಟಿದಂತೆ ಕಟ್ಟಿಸಿದ ಮೇಲೆ ಎರಡು ಪಾಯಿಂಟ್ ಒಂಬತ್ತು. ಸಾಲದು. ಅವನ ಮುಖ ಸಣ್ಣದಾಯಿತು.

ಭೀಮಕ್ಕ ಒಂದು ಕಂಬಳಿ ಮುಟ್ಟಿ ನೋಡಿದಳು. "ಇಂಗೆ ಅಂಟಿಸ್ತಾರೇನೋ? ಮರಿ ಕೂಡೋ ಮಂಟಪದಾಗೆ ಗಳಕ್ಕೆ ಇಳಿಬಿಡ್ತಿದ್ದಿಲ್ವಾ, ಹಿಂದೆ ಗಾಳಿ ಆಡಂಗೆ?"

ಗುರುವಾರ ಬೆಳಗ್ಗೆ ಬಿದಿರು ಗಳಗಳು ಬಂದವು. ಕಂಬಳಿಗಳು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿದ್ದವು. ಹಲಗೆ ಬಡಿದರೆ ಒಂದು ಪಾಯಿಂಟ್ ಏಳು. ಮಾರಣ್ಣ ನಂಬದೆ ಹತ್ತು ಸಲ ಬಡಿದ. ಸಂಜೆ ಮೇಡಂ ಮತ್ತೆ ವೇದಿಕೆ ಹತ್ತಿ, ಈ ಸಲ ಮೈಕಿಲ್ಲದೆ, "ನಂದೀಶ್ವರಯ್ಯನವರೇ, ಕಲ್ಯಾಣ ಮಂಟಪಕ್ಕೆ ಬೇಡ ಅಂತ ಹೇಳಿಬಿಡಿ" ಎಂದರು. ಕೊನೆಯ ಸಾಲಿನಲ್ಲಿದ್ದ ನಂದೀಶ್ವರಯ್ಯ ಫೋನ್ ತೆಗೆದರು.

ಶನಿವಾರ ಸಮ್ಮೇಳನ ಶುರುವಾಯಿತು, ಮುನ್ನೂರು ಕುರ್ಚಿಗಳೂ ತುಂಬಿದವು. ಕಂಬಳಿಗಳಿಗೆ ಯಾರ ಕಾಲೂ ಸೋಕದಂತೆ ಮಾರಣ್ಣ ಮುಂದೆ ಹಗ್ಗ ಕಟ್ಟಿದ್ದ. ಪುಣೆಯಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಭೀಮಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕದಲದೆ ಕೂತು ಪೂರ್ತಿ ಕೇಳಿದಳು.

"ಏನಕ್ಕ, ಹೆಂಗಿತ್ತು?"

"ಒಂದು ಮಾತೂ ತಿಳೀಲಿಲ್ಲ ಕಣ್ಲಾ. ಆದ್ರೆ ಒಂದೊಂದು ಮಾತೂ ಕೇಳಿಸ್ತು."

ಮಾರಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲ ಬಳಿ ನಿಂತ.