ಮೈಲುತುತ್ತಿನ ಪೀಪಾಯಿಯಲ್ಲಿ ಹಸಿರು ಪಾಚಿ

ನಮ್ಮ ಕಡೆಯ ಯಾವುದಾದರೂ ಕೆರೆಗೆ ಇಳಿದು ಮೇಲೆ ಬಂದರೆ ಮೀನಖಂಡದ ಸುತ್ತ ಎಳ್ಳಿಗಿಂತ ತುಸು ದೊಡ್ಡದಾದ ಹಸಿರು ಚುಕ್ಕೆಗಳು ಅಂಟಿಕೊಂಡಿರುತ್ತವಲ್ಲ, ಅವನ್ನು ನೀವೂ ನನ್ನ ಹಾಗೆಯೇ ಬೈರಾಸಿನಲ್ಲಿ ಒರೆಸಿ ಮರೆತಿರುತ್ತೀರಿ. ನಾವು ಅದನ್ನು ಪಾಚಿ ಎಂದು ಕರೆದು ಮುಗಿಸುತ್ತಿದ್ದೆವು. ಅದು ಪಾಚಿಯೇ ಅಲ್ಲ, ಲೆಮ್ನಾ ಎಂಬ ಹೆಸರಿನ, ಮನಸ್ಸು ಬಂದರೆ ಹೂವನ್ನೂ ಬಿಡುವ ಗಿಡ ಎಂದು ನನಗೆ ತಿಳಿದದ್ದು ಪುತ್ತೂರಿನ ಕಾಲೇಜಿನಲ್ಲಿ, ಸಸ್ಯಶಾಸ್ತ್ರದ ಮೇಷ್ಟ್ರು ಸೂಕ್ಷ್ಮದರ್ಶಕದ ಅಡಿಗಿಟ್ಟು ತೋರಿಸಿದಾಗ. ಕಾಂಡವಿಲ್ಲ, ಕೊಂಬೆಯಿಲ್ಲ, ಒಂದು ಎಲೆ, ಅದರಡಿ ನೂಲಿನಂಥ ಒಂದು ಬೇರು, ಅಷ್ಟರಲ್ಲೇ ಅದರ ಸಂಸಾರ. ಹಿತವಾದ ನೀರು ಸಿಕ್ಕಿದರೆ ಎರಡು ಮೂರು ದಿನಕ್ಕೆ ಒಂದು ಎರಡಾಗುತ್ತದೆ, ಕೊಳಕು ನೀರಿನ ಸಾರವನ್ನು ಉಂಡು ನೀರನ್ನು ತಿಳಿಯಾಗಿಸುತ್ತದೆ, ಕೊನೆಗೆ ತಾನೇ ಕೋಳಿಗೂ ಮೀನಿಗೂ ಪುಷ್ಟಿಯಾದ ಆಹಾರವಾಗುತ್ತದೆ. ಕಾಲೂರಲು ಸ್ವಂತ ನೆಲ ಬೇಡದ ಈ ಜೀವದ ಮೇಲೆ ನನ್ನಂಥವನಿಗೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಐವರ್ನಾಡಿನ ನಮ್ಮ ಮನೆಯಲ್ಲಿ ಬಿಎಸ್ಸಿ ಬಿಡಿ, ಏಳನೇ ಕ್ಲಾಸು ದಾಟಿದವನೂ ನಾನೊಬ್ಬನೇ. ಮೇಷ್ಟ್ರು ಈ ಗಿಡದ ಮೇಲೆ ಸಂಶೋಧನೆ ನಡೆಸುತ್ತಿದ್ದರು, ಅವರಿಗೊಬ್ಬ ಸಹಾಯಕ ಬೇಕಿತ್ತು. ಒಂದು ಡಬ್ಬಿ ಲೆಮ್ನಾ ಕೈಗೆ ಕೊಟ್ಟು, ಬೇಸಗೆ ಮುಗಿಯುವವರೆಗೆ ಮನೆಯಲ್ಲಿ ಬೆಳೆಸು, ತೂಕವನ್ನು ಪುಸ್ತಕದಲ್ಲಿ ಬರೆದಿಡು, ಅದನ್ನು ನೋಡಿ ನಿನ್ನನ್ನು ತೆಗೆದುಕೊಳ್ಳುವುದೋ ಬೇಡವೋ ತೀರ್ಮಾನಿಸುತ್ತೇನೆ ಎಂದರು. ಬಸ್ಸಿನಲ್ಲಿ ಆ ಡಬ್ಬಿಯನ್ನು ನಾನು ಎಳೆಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದೆ. ಊರಿನ ಹೋಟೆಲಿನವರಿಗೆ ಇದು ಗೊತ್ತಾಗಲು ಒಂದು ದಿನ ಸಾಕಾಯಿತು.

"ಎಂತ ಮಾರಾಯ, ಇಷ್ಟು ವರ್ಷ ಓದಿದ್ದು ಪಾಚಿ ಸಾಕುದಕ್ಕಾ? ನಮ್ಮ ಕೆರೆಯಲ್ಲಿ ಓದದೆಯೇ ಬೆಳೀತದೆ," ಎಂದರು ಅವರು, ಚಹಾ ಎತ್ತಿ ಹೊಯ್ಯುತ್ತಾ.

ಅಪ್ಪ ನಗಲಿಲ್ಲ. ಅಡಿಕೆಗೆ ಮದ್ದು ಬಿಡುವುದು, ಅಂದರೆ ತಾಮ್ರದ ನೀಲಿ ಉಪ್ಪಾದ ಮೈಲುತುತ್ತು ಮತ್ತು ಸುಣ್ಣ ಕಲಸಿದ ದ್ರಾವಣವನ್ನು ಕೊಳೆರೋಗ ಬಾರದಂತೆ ಗೊನೆಗೆ ಸಿಂಪಡಿಸುವುದು, ಅವರ ಕಸುಬು. ಸಂಪಾಜೆಯಿಂದ ಕಡಬದವರೆಗೆ ಅವರು ಮರ ಹತ್ತದ ತೋಟ ಕಡಿಮೆ. ಮಗನ ಗಿಡಕ್ಕೆ ಪಾತ್ರೆ ಬೇಕೆಂದು ಕೇಳಿ, ತಾವು ಕೆಲಸಕ್ಕೆ ಹೋಗುತ್ತಿದ್ದ ಧನಿಗಳ ತೋಟದ ಹಳೆಯ ಮರದ ಪೀಪಾಯಿಯೊಂದನ್ನು ಹೆಗಲ ಮೇಲೆ ಹೊತ್ತು ತಂದರು. ಮದ್ದು ಕಲಸುತ್ತಿದ್ದ ಪೀಪಾಯಿ ಅದು. ಮೂರು ದಿನ ಬೂದಿ, ತೆಂಗಿನ ಸಿಪ್ಪೆ ಹಾಕಿ ತಿಕ್ಕಿದರು. ನೀಲಿ ಬಣ್ಣದ ಸುಳಿವೂ ಉಳಿಯಲಿಲ್ಲ. ಅದಕ್ಕೆ ಕೆರೆ ನೀರು ತುಂಬಿ, ತುಸು ಸೆಗಣಿ ಕದಡಿ, ಲೆಮ್ನಾವನ್ನು ಬಿಟ್ಟೆವು. ಡಬ್ಬಿಯ ತಳದಲ್ಲಿ ಉಳಿದ ಒಂದು ಚಿಟಿಕೆಯನ್ನು ಅಮ್ಮ, ದನಕ್ಕೆಂದು ಅಕ್ಕಿ ತೊಳೆದ ಅಕ್ಕಚ್ಚು ತುಂಬಿಡುವ ಮಣ್ಣಿನ ಬಾನಿಗೆ ಕೊಡವಿದರು.

ನಾಲ್ಕನೇ ದಿನಕ್ಕೆ ಪೀಪಾಯಿಯದ್ದು ಹಳದಿಯಾಯಿತು, ಆರನೆಯ ದಿನ ಬಿಳಚಿ ಬಿಡಿಬಿಡಿಯಾಗಿ ತಳ ಸೇರಿತು. ಬಾನಿಯದ್ದು ಮಾತ್ರ ಅಕ್ಕಚ್ಚಿನ ಮೇಲೆ ಹಸಿರು ಕಂಬಳಿ ಹಾಸಿದಂತೆ ಹಬ್ಬಿ, ಅಮ್ಮನ ಕೋಳಿಗಳು ಬಾನಿಯ ಅಂಚಿನಲ್ಲಿ ಕುಳಿತು ಕುಕ್ಕುತ್ತಿದ್ದವು. ಬಾನಿಯದ್ದನ್ನೇ ತೂಗಿ ಪೀಪಾಯಿಯ ಹೆಸರಿನಲ್ಲಿ ಬರೆದರೆ ಕೇಳುವವರು ಯಾರು ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಅಷ್ಟು ಮಾಡಲು ಕೈ ಬರಲಿಲ್ಲ, ಇನ್ನೊಂದು ಮಾಡಿದೆ.

ಅಪ್ಪ ಜಗಲಿಯಲ್ಲಿ ಕುಳಿತು, ಬರೆದದ್ದನ್ನು ಓದಿ ಹೇಳು ಎಂದರು.

"ಪೀಪಾಯಿಯ ಗಿಡ ಸತ್ತಿತು. ಕಾರಣ ಗೊತ್ತಿಲ್ಲ," ಎಂದು ಓದಿದೆ.

"ಗೊತ್ತುಂಟು. ನಿನಗೂ ಗೊತ್ತುಂಟು ಮಗ."

ಪೀಪಾಯಿ ಹೊತ್ತ ಅವರ ಹೆಗಲಿನ ತರಚು ಇನ್ನೂ ಮಾಸಿರಲಿಲ್ಲ. ಅಪ್ಪ ಎದ್ದು ಹೋಗಿ ಪೀಪಾಯಿಯ ಒಳಮೈಯಿಂದ ಮರವನ್ನು ಹೆರೆದು, ತೆಂಗಿನ ಗೆರಟೆಗೆ ಹಾಕಿ, ಹಿತ್ತಿಲ ಬಿಂಬುಳಿಯ ಹುಳಿಕಾಯಿಗಳನ್ನು ಹಿಂಡಿ, ಉಜ್ಜಿ ಬೆಳ್ಳಗಾಗಿಸಿದ ಚೂರಿಯ ತುದಿಯನ್ನು ಅದರಲ್ಲಿ ಮುಳುಗಿಸಿಟ್ಟರು. ಮದ್ದಿಗೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಅವರು ಚೂರಿಯನ್ನು ಅದ್ದಿ ನೋಡುವುದು ವಾಡಿಕೆ. ಬಿಡಿ ತುತ್ತು ಉಳಿದಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ. ಒಂದು ಬೀಡಿ ಸೇದಿ ಮುಗಿಯುವಷ್ಟರಲ್ಲಿ ತುದಿ ಕೆಂಪಾಗಿತ್ತು.

"ತೊಳೆದದ್ದು ಮೇಲಿಂದ. ಮರ ಕುಡಿದದ್ದು ಮರದಲ್ಲೇ ಉಂಟು. ನನ್ನ ಪೀಪಾಯಿಯಿಂದಲೇ ಸತ್ತದ್ದು ಅಂತ ಬರಿ. ಅಪ್ಪನಿಗೆ ಬೇಜಾರಾಗ್ತದೆ ಅಂತ ಸುಳ್ಳು ಬರೆಯುದಾದರೆ ನಿನ್ನನ್ನು ಓದಿಸಿದ್ದು ಎಂತಕ್ಕೆ?"

ಬರೆದೆ. ಕಲಿಕೆ ಎಂದರೆ ಗೊತ್ತಿಲ್ಲದ್ದನ್ನು ತಿಳಿಯುವುದು ಎಂದು ಅಲ್ಲಿಯವರೆಗೆ ನಂಬಿದ್ದೆ. ಗೊತ್ತಿದ್ದದ್ದನ್ನು, ನಮ್ಮವರಿಗೆ ನೋಯುವಾಗಲೂ, ಇದ್ದ ಹಾಗೆ ಹೇಳಲು ಕೂಡ ಕಲಿಯಬೇಕಾಗುತ್ತದೆ. ಆ ಪಾಠ ಯಾವ ತರಗತಿಯಲ್ಲಿಯೂ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಪುಸ್ತಕವನ್ನು ಮೇಷ್ಟ್ರ ಮುಂದಿಟ್ಟೆ. ಬಾನಿಯ ತೂಕಗಳ ಮೇಲೆ ಅವರು ಕಣ್ಣಾಡಿಸಿದರು. ಪೀಪಾಯಿಯ ಪುಟವನ್ನು ಎರಡು ಸಲ ಓದಿದರು. ಮದ್ದು ಬಿಟ್ಟ ತೋಟಗಳ ಕೆಳಗೆ ಹರಿಯುವ ತೋಡಿನ ನೀರಿನಲ್ಲಿ ತಾಮ್ರ ಎಷ್ಟಿದೆಯೆಂದು ಈ ಗಿಡವೇ ಹಳದಿಯಾಗಿ ಹೇಳಬಲ್ಲದಲ್ಲವೇ ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ, ಚೂರಿಯ ಪರೀಕ್ಷೆ ಯಾರದ್ದು ಎಂದರು. ಅಪ್ಪನದ್ದು ಎಂದೆ.

"ಸೋಮವಾರದಿಂದ ನೀನು ಬಾ. ಮೊದಲ ದಿನ ಅವರನ್ನೂ ಕರಕೊಂಡು ಬಾ."

ಸೋಮವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಪ್ರಯೋಗಶಾಲೆಯ ಬಾಗಿಲಲ್ಲೇ ಚಪ್ಪಲಿ ಕಳಚಿ ನಿಂತರು. ಮೇಷ್ಟ್ರು ತಮ್ಮ ಕುರ್ಚಿ ಬಿಟ್ಟುಕೊಟ್ಟು, ಯಾವ ಯಾವ ತೋಡಿಗೆ ಯಾವ ಯಾವ ತೋಟದ ನೀರು ಇಳಿಯುತ್ತದೆ ಎಂದು ಕೇಳಿದರು. ಅಪ್ಪ ಮೊದಲು ತಡವರಿಸಿ, ನಂತರ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತಾ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನೀನೆಂತ ನೋಡ್ತಾ ನಿಂತದ್ದು? ಬರಕೊ."